ಅವನ ಹಿಂದೆ ಯಾರಿದ್ದರು

ಯಾರನ್ನೂ ಸುಲಭಕ್ಕೆ ನಂಬದ ರೋಗ ನನಗೆ ಹತ್ತಿದ್ದು ಬಳ್ಳಾರಿಯಲ್ಲಿ, ಕಾಲೇಜಿನ ಎರಡನೇ ವರ್ಷದಲ್ಲಿ. ಹತ್ತಿಸಿದ್ದು ಅಮೆರಿಕದ ಚಿತ್ರಕಥೆ ಪುಸ್ತಕಗಳು. ಕೌಲ್ ಬಜಾರಿನ ರದ್ದಿ ಅಂಗಡಿಯೊಂದಕ್ಕೆ ಅವು ಮದ್ರಾಸಿನಿಂದ ಕಟ್ಟುಗಟ್ಟಲೆ ಬರುತ್ತಿದ್ದವು. ಶೇಂಗಾ ಕಟ್ಟಲು ಹಾಳೆ ಹರಿಯುವ ಮೊದಲೇ ಹೋಗಿ ನನಗೆ ಬೇಕಾದವನ್ನು ಆರಿಸಿಕೊಳ್ಳುತ್ತಿದ್ದೆ.

ಅದು ವಿಯೆಟ್ನಾಂ ಯುದ್ಧದ ಕಾಲ. ರೇಡಿಯೋ ವಾರ್ತೆಯಲ್ಲಿ ದಿನವೂ ಕೇಳುತ್ತಿದ್ದ ಆ ಹೆಸರು ಈ ಪುಸ್ತಕಗಳಲ್ಲಿ ಅಪರೂಪ. ಆದರೆ ಕಾಲೇಜುಗಳ ಮುಂದೆ ಫಲಕ ಹಿಡಿದು ನಿಂತ ಹುಡುಗರು ಬೇಕಾದಷ್ಟು. ತಲೆಗೆ ಪಟ್ಟಿ, ಕೊರಳಲ್ಲಿ ಮಣಿಸರ, ಬಾಯ್ತುಂಬ ಘೋಷಣೆ. ಕಥೆ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ತೀರ್ಮಾನ: ಹುಡುಗರು ಪಾಪದವರು, ಹಿಂದೆ ನಿಂತು ಇವರನ್ನು ಕುಣಿಸಿದವನು ಬೇರೆ. ನಾಯಕ ಅವನ ಮುಖವಾಡ ಕಿತ್ತ ಕೂಡಲೇ ಹುಡುಗರು ತಲೆ ತಗ್ಗಿಸಿ ತರಗತಿಗೆ ಹೋಗುತ್ತಿದ್ದರು. ಬರೆದವರು ಮಕ್ಕಳನ್ನು ಬೆಳೆಸಿ ದಣಿದವರೇ ಇರಬೇಕೆಂದು ಈಗ ನನ್ನ ಗುಮಾನಿ. ಇಪ್ಪತ್ತು ವರ್ಷದವನಿಗೆ ತನ್ನದೇ ಸಿಟ್ಟು ಇರಬಹುದೆಂದು ಅವರಿಗೆ ಹೊಳೆದಂತಿಲ್ಲ. ಆಗ ನನಗೂ ಹೊಳೆಯಲಿಲ್ಲ. ನನಗೂ ಇಪ್ಪತ್ತೇ ವರ್ಷವೆಂಬುದು ಬೇರೆ ಮಾತು.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಸಿರುಗುಪ್ಪದ ಕಡೆಯ ರಾರಾವಿ ಎಂಬ ಹಳ್ಳಿಯವನು. ತಂದೆ ಇರಲಿಲ್ಲ, ತಾಯಿ ಒಬ್ಬಳೇ. ಹಾಸ್ಟೆಲಿನ ಜಾಗ ಹೋದರೆ ಅವನ ಓದೂ ಹೋದಂತೆ. ಅದು ನಮಗೆಲ್ಲ ಗೊತ್ತಿತ್ತು. ಅಂಥವನೇ ಒಂದು ದಿನ ಮೆಸ್ಸಿನ ಊಟ ಬಿಟ್ಟು ಅಂಗಳದಲ್ಲಿ ಕೂತ. ಕುಡಿಯುವ ನೀರಿನ ತೊಟ್ಟಿ ತೊಳೆಸಿ ಎಷ್ಟೋ ತಿಂಗಳಾಗಿತ್ತು, ಹುಡುಗರಿಗೆ ವಾಂತಿಭೇದಿ ಹತ್ತಿತ್ತು. ತೊಟ್ಟಿ ತೊಳೆಸುವವರೆಗೆ ಮೆಸ್ಸಿನ ಊಟ ಮುಟ್ಟುವುದಿಲ್ಲ ಎಂದ. ಇಪ್ಪತ್ತು ಹುಡುಗರು ಅವನ ಜೊತೆ ಕೂತರು.

"ಲೇ, ಬಾ, ನೀನೂ ಕುಂದ್ರು," ಎಂದು ನನ್ನನ್ನು ಕರೆದ.

"ನಿನಗ ಯಾರು ಹೇಳಿಕೊಟ್ಟಾರ ಇದನ್ನ?"

"ಯಾರು ಹೇಳಿಕೊಡಬೇಕು? ನೀರು ನಾರತೈತಿ. ನಿನಗ ಮೂಗಿಲ್ಲೇನು?"

ಮೂಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನಾನು ಪುಸ್ತಕಗಳನ್ನು ನಂಬಿದ್ದೆ. ದಿನವೂ ಮೆಸ್ಸಿಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮರುದಿನದಿಂದ ಸಿರುಗುಪ್ಪದ ಬಸ್ಸಿನಲ್ಲಿ ಅವರಿಗೆ ಬುತ್ತಿ ಬರತೊಡಗಿತು. ಪೇಟೆಯಲ್ಲಿ ಓದುವ ಮಗನಿಗೆ ಮನೆಯವರು ಕಂಡಕ್ಟರ್ ಕೈಯಲ್ಲಿ ರೊಟ್ಟಿ ಕಳಿಸುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಇಪ್ಪತ್ತು ಮಂದಿಗಾಗುವಷ್ಟು? ಒಬ್ಬ ಬಡ ವಿಧವೆ ದಿನಾ ಅಷ್ಟು ರೊಟ್ಟಿ ಬಡಿಯುವುದುಂಟೆ? ಬಸ್ ಸ್ಟ್ಯಾಂಡಿಗೆ ಹೋಗಿ ಕಂಬದ ಮರೆಯಲ್ಲಿ ನಿಂತೆ. ಬಸ್ಸಿನ ಮೇಲಿಂದ ಎರಡು ದೊಡ್ಡ ಬುಟ್ಟಿ ಇಳಿದವು. ಬುತ್ತಿ ಒಯ್ಯಲು ಬಂದಿದ್ದ ನನ್ನ ಜೊತೆಗಾರನ ಕಿವಿಯಲ್ಲಿ ಕಂಡಕ್ಟರ್ ಏನೋ ಹೇಳಿದ, ಇಬ್ಬರೂ ನಕ್ಕರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಿಂದೆ ಯಾರೋ ಇದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಐದನೇ ದಿನ ವಾರ್ಡನ್ ನನ್ನನ್ನು ಕರೆಸಿದರು. "ಅವನ ಹಿಂದ ಯಾರದಾರ? ಕೋಣಿ ಒಂದ ಅಂದ ಮ್ಯಾಲೆ ನಿನಗ ಗೊತ್ತಿರತೈತಿ."

"ಹೊರಗಿನವರು ಅದಾರ್ರಿ ಸರ್. ಇಪ್ಪತ್ತು ಮಂದಿಗಾಗುವಷ್ಟು ರೊಟ್ಟಿ ದಿನಾ ಬರ್ತಾವ್ರಿ. ಅವನ ಮನ್ಯಾಗ ತಾಯಿ ಒಬ್ಬಾಕಿನ ಇರೋದು."

ಅವರೇನೂ ಹೆದರಿಸಲಿಲ್ಲ, ಹೊಡೆಯಲಿಲ್ಲ. ನಾನಾಗಿ ಹೇಳಿದೆ, ಜಾಣನೆನಿಸಿಕೊಳ್ಳಲು ಹೇಳಿದೆ.

ಮರುದಿನ ತೊಟ್ಟಿ ತೊಳೆಸಿದರು. ಅದೇ ದಿನ, ಹೊರಗಿನವರ ಕೈಗೊಂಬೆಯಾಗಿ ಶಿಸ್ತು ಕೆಡಿಸಿದನೆಂದು ಅವನೊಬ್ಬನನ್ನು ಹಾಸ್ಟೆಲಿನಿಂದ ತೆಗೆದರು. ಬಸ್ ಸ್ಟ್ಯಾಂಡಿನವರೆಗೆ ಅವನ ಟ್ರಂಕಿನ ಒಂದು ಬದಿ ಹಿಡಿದು ನಾನೇ ಹೋದೆ. ದಾರಿಯುದ್ದಕ್ಕೂ ಅವನು ನನ್ನ ಮೇಲೆ ಒಂದಿಷ್ಟೂ ಅನುಮಾನಪಡಲಿಲ್ಲ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ. ಅವನ ಓದು ಅಲ್ಲಿಗೆ ನಿಂತಿತು.

ಆ ಶನಿವಾರ ಕುರುಗೋಡಿಗೆ, ನಮ್ಮ ಮನೆಗೆ ಹೋದೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟು, "ತೊಟ್ಟಿ ತೊಳಿಸಿದ್ರೇನಪ್ಪ?" ಎಂದಳು.

"ನಿನಗ ಯಾರು ಹೇಳಿದ್ರು?"

"ಸಿರುಗುಪ್ಪದ ಬಸ್ಸು ನಮ್ಮೂರ ಮ್ಯಾಲೆ ಹಾದು ಹೋಗತೈತಲ್ಲ, ಆ ಕಂಡಕ್ಟರ್. ಹುಡುಗರು ಊಟ ಬಿಟ್ಟು ಕುಂತಾರ, ರಾರಾವ್ಯಾಗ ಮನಿಗೆ ನಾಕು ರೊಟ್ಟಿ ಕೂಡಿಸಿ ಕಳಸಾಕತ್ತಾರ ಅಂದ. ಒಂದ ಊರಿಗೆ ಭಾರ ಆಕ್ಕೈತಿ ಅಂತ ನಾನೂ ನಮ್ಮ ಓಣ್ಯಾಗ ಕೂಡಿಸಿ ಒಂದು ಬುಟ್ಟಿ ಕಳಿಸಿದೆ. ಮಗ ಹಸದು ಕುಂತಾಗ ನಾ ಹೆಂಗ ಉಣ್ಣಲಿ?"

ಅವ್ವ ನನ್ನ ಮುಖ ದಿಟ್ಟಿಸಿ ನೋಡಿ, "ಸೊರಗಿಲ್ಲ ಬಿಡು," ಎಂದು ಸಮಾಧಾನಪಟ್ಟಳು. ಆಮೇಲೆ ಕೇಳಿದಳು: "ನಮ್ಮ ರೊಟ್ಟಿ ನಿನಗ ಮುಟ್ಟಿದ್ವಿಲ್ಲೋ?"

"ಮುಟ್ಟಿದ್ವು ಅವ್ವ," ಎಂದೆ.