ಮೂವತ್ತೇಳನೆಯ ನಂಬರಿನ ಬಟ್ಟೆ

ಸವಣೂರಿನ ಆ ಹೈಸ್ಕೂಲಿನಲ್ಲಿ ಎನ್‌ಸಿಸಿ ಶುರುವಾಗಿ ಐವತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆಯನ್ನು ಪುಸ್ತಕ ಮಾಡಬೇಕೆಂದು ಸಾಲೆಯವರು ಕೂತಾಗ ಎಲ್ಲರ ಬಾಯಲ್ಲಿ ಬಂದದ್ದು ನೀಲಪ್ಪನ ಹೆಸರು. ಅವನು ಮಾಸ್ತರನೂ ಅಲ್ಲ, ಸಾಹೇಬನೂ ಅಲ್ಲ. ಏಳನೆಯ ಇಯತ್ತೆ ಕಲಿತು ಜವಾನನಾಗಿ ಸೇರಿ, ಮೂವತ್ತೊಂದು ವರ್ಷ ಎನ್‌ಸಿಸಿ ಕೋಣೆಯ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗಿದವನು. ಈಗ ಎಪ್ಪತ್ತೊಂದರ ಮುದುಕ.

ಈಗಿನ ಎನ್‌ಸಿಸಿ ಮಾಸ್ತರ ಶರಣು ನಾಲ್ಕು ಸಂಜೆ ನೀಲಪ್ಪನ ಮನೆಯ ಕಟ್ಟೆಗೆ ಬಂದು ಬರೆದುಕೊಂಡ. ಹಳೆಯ ಕಾಗದವೆಲ್ಲ ಗೆದ್ದಲಿನ ಪಾಲಾಗಿದ್ದವು. ಉಳಿದದ್ದು ನೀಲಪ್ಪ ಕೈಯಾರೆ ಬರೆದಿಟ್ಟಿದ್ದ ಬಟ್ಟೆಯ ರಜಿಸ್ಟರ್ ಒಂದೇ. ಯಾವ ವರ್ಷ ಯಾವ ಹುಡುಗನಿಗೆ ಯಾವ ನಂಬರಿನ ಬಟ್ಟೆ ಕೊಟ್ಟದ್ದು ಎಂಬುದೆಲ್ಲ ಅದರಲ್ಲಿತ್ತು.

"ಮೊದಲನೇ ವರ್ಷ ಐವತ್ತು ಹುಡುಗ್ರು, ಮೂವತ್ತ ಬಟ್ಟಿ ಇದ್ದೂವಂತ" ಎಂದು ನೀಲಪ್ಪ ಹಳಬರಿಂದ ಕೇಳಿದ್ದನ್ನು ಹೇಳಿದ. "ಮೂವತ್ತು ಮಂದಿ ಪರೇಡ್ ಮಾಡೂದು, ಉಳದಾವ್ರು ಬನೀನ್ ಮ್ಯಾಲೆ ಬೇವಿನ ಗಿಡದ ಕೆಳಗ ಕುಂಡ್ರೂದು. ಆಮ್ಯಾಲ ಅವ್ರು ಬಿಚ್ಚೂದು, ಇವ್ರು ಹಾಕ್ಕೊಳ್ಳೂದು."

"ಬೆವರು ಒಬ್ಬಂದು, ಮಾರ್ಕ್ಸ್ ಇನ್ನೊಬ್ಬಂದು ಅನ್ರಿ ಅಜ್ಜಾರ" ಎಂದು ಶರಣು ನಕ್ಕ.

ಪ್ರತಿ ನಂಬರಿಗೆ ಒಂದು ಅಂಗಿ, ಒಂದು ಪ್ಯಾಂಟು, ಬೆಲ್ಟು, ಟೋಪಿ, ಒಂದು ಜೋಡು ಬೂಟು. ಅಂಗಿಯ ಕೊರಳಪಟ್ಟಿಯ ಒಳಗೆ ಕರೀ ಶಾಯಿಯಲ್ಲಿ ನಂಬರು. ಹತ್ತನೆಯ ಇಯತ್ತೆ ಮುಗಿದ ಹುಡುಗ ಒಗೆದು, ಇಸ್ತ್ರಿ ಮಾಡಿ ತಂದೊಪ್ಪಿಸಬೇಕು. ಮರುವರ್ಷ ಅದೇ ನಂಬರು ಇನ್ನೊಬ್ಬನ ಮೈಮೇಲೆ. ನೀಲಪ್ಪ ಹುಡುಗರನ್ನು ಹೆಸರಿನಿಂದ ಕರೆದದ್ದು ಕಡಿಮೆ. "ಏ ಹನ್ನೆರಡು, ಬೂಟಿಗೆ ಪಾಲಿಶ್ ಯಾವಾಗ ಹಚ್ಚತಿ, ನಿನ್ನ ಮದವಿಗೇನು" ಎನ್ನುತ್ತಿದ್ದ. ತನ್ನ ಕೈಯಲ್ಲಿ ಒಂದು ಗುಂಡಿ ಕೂಡ ಕಮ್ಮಿ ಬಿದ್ದಿಲ್ಲ ಎಂಬುದು ಅವನ ಹೆಮ್ಮೆ.

ನಾಲ್ಕನೆಯ ಸಂಜೆ ಎರಡು ಸಾವಿರದ ಒಂಬತ್ತನೆಯ ಇಸವಿಯ ಪುಟ ಬಂತು. ಶರಣು ಒಂದೊಂದೇ ಹೆಸರು ಓದುತ್ತ ಮೂವತ್ತೇಳನ್ನು ದಾಟಿದಾಗ ನೀಲಪ್ಪ ಕೈ ಅಡ್ಡ ಹಿಡಿದ.

"ಅಲ್ಲೊಂದು ಹೆಸರು ಸೇರಸ್ರಿ ಸರ. ಬಿಲಾಲ ಅಂತ."

"ಮೂವತ್ತೇಳಕ್ಕ ಬ್ಯಾರೆ ಹುಡುಗನ ಹೆಸರೈತೆಲ್ರಿ? ನೀವ ಬರದೀರಿ."

ನೀಲಪ್ಪ ಮೊದಲಿನಿಂದ ಹೇಳಿದ. ಆ ವರ್ಷ ಮೂವತ್ತೇಳು ಬಿಲಾಲನ ನಂಬರು. ಎಲೆಪೇಟೆಯಲ್ಲಿ ವೀಳ್ಯದೆಲೆ ಮಾರುವ ಗೌಸಬಿಯ ಒಬ್ಬನೇ ಮಗ. ಪರೇಡಿನಲ್ಲಿ ರೈಟ್ ಮಾರ್ಕರ್ ಅವನೇ. ಮೊದಲು ಅವನೊಬ್ಬನೇ ಹೋಗಿ ಮೈದಾನದಲ್ಲಿ ನಿಲ್ಲಬೇಕು, ಉಳಿದವರು ಅವನ ಗುರುತು ಹಿಡಿದು ಸಾಲುಗಟ್ಟಬೇಕು. ಹಾನಗಲ್ಲಿನಲ್ಲಿ ಹತ್ತು ದಿನದ ಕ್ಯಾಂಪು ಮುಗಿಸಿ ಬಂದು ತಿಂಗಳಾಗಿತ್ತು. ಡಿಸೆಂಬರಿನಲ್ಲಿ ಜ್ವರ ಬಂತು, ಐದನೆಯ ದಿನ ಹುಡುಗ ಇಲ್ಲ.

ಅದಾಗಿ ಹನ್ನೆರಡು ದಿನಕ್ಕೆ ಬಟಾಲಿಯನ್‌ನವರು ಸಾಮಾನು ತಪಾಸಣೆಗೆ ಬರುತ್ತಾರೆಂದು ಕಾಗದ ಬಂತು. ಹುಡುಗರೆಲ್ಲ ಬಟ್ಟೆ ತಂದು ಕೋಣೆಯಲ್ಲಿಟ್ಟರು, ಮೂವತ್ತೇಳರ ಗೂಡು ಮಾತ್ರ ಬರಿದು. ಹುಡುಗ ತೀರಿಕೊಂಡನೆಂದು ಒಂದು ಸಾಲು ಬರೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನೀಲಪ್ಪನಿಗೆ ಆ ಬರಿದಾದ ಗೂಡು ಕಣ್ಣಲ್ಲಿ ಚುಚ್ಚಿತು. ಸೈಕಲ್ ಹತ್ತಿ ಎಲೆಪೇಟೆಗೆ ಹೋಗಿ, ಗೌಸಬಿಯ ಹೊಸ್ತಿಲ ಹೊರಗೆ ನಿಂತು ಬಟ್ಟೆ ಕೇಳಿದ. ಅವಳು ಗಂಟು ತಂದು ಕೊಟ್ಟಳು. ತಪಾಸಣೆ ಸುಸೂತ್ರವಾಯಿತು, ಬಟ್ಟೆ ಇನ್ನೊಬ್ಬ ಹುಡುಗನ ಮೈಮೇಲೆ ಬಂತು. ಪುಟ ಚೊಕ್ಕಟ ಕಾಣಲೆಂದು ನೀಲಪ್ಪ ಹಳೆಯದನ್ನು ಹರಿದು ಒಲೆಗೆ ಹಾಕಿ, ಹೊಸ ಹುಡುಗನ ಹೆಸರಿನಿಂದ ಮತ್ತೆ ಬರೆದ.

ಜನವರಿ ಇಪ್ಪತ್ತಾರಕ್ಕೆ ಆ ಹೊಸ ಹುಡುಗನೇ ಮಾರ್ಕರ್. ಎತ್ತರವೂ ಹೆಚ್ಚುಕಡಿಮೆ ಬಿಲಾಲನಷ್ಟೇ. ಗೌಸಬಿ ಎಲೆಯ ಬುಟ್ಟಿ ಹೊತ್ತು ಸಾಲೆಯ ಗೋಡೆಯ ಹೊರಗೆ ಹೊರಟಿದ್ದಳು. ಒಬ್ಬನೇ ನಡೆದು ಬಂದು ಬೆನ್ನು ಮಾಡಿ ನಿಂತ ಹುಡುಗನ ಬಲಭುಜದ ಮೇಲೆ ತಾನೇ ಹಾಕಿದ್ದ ಹೊಲಿಗೆ ಕಂಡಳು. "ಬಿಲಾಲ" ಎಂದು ಕರೆದಳು. ದೊಡ್ಡ ದನಿಯೇನಲ್ಲ, ಊಟಕ್ಕೆ ಕರೆಯುವ ಹಾಗೆ. ಹುಡುಗ ತಿರುಗಿ ನೋಡಿದ. ಮಾರ್ಕರ್ ತಿರುಗಿದನೆಂದು, ಅವನ ಗುರುತಿಗೆ ಬಂದು ನಿಲ್ಲುತ್ತಿದ್ದ ಹುಡುಗರ ಸಾಲು ಸೊಟ್ಟಗಾಯಿತು. ಅದನ್ನು ಕಂಡವನು ನೀಲಪ್ಪ. ಅಂದಿನಿಂದ ಅವನು ಎಲೆಪೇಟೆಯ ಓಣಿ ತುಳಿದಿಲ್ಲ. ಹದಿನೈದು ವರ್ಷ.

ಶರಣು ಪೆನ್ನಿನ ಮುಚ್ಚಳ ಹಾಕಿದ. "ಬರೀ ಬಾಯಿಮಾತಿನ ಮ್ಯಾಲೆ ಹೆಸರು ಸೇರಸಾಕ ಬರೂದಿಲ್ರಿ ಅಜ್ಜಾರ. ಕ್ಯಾಂಪಿನ ಸರ್ಟಿಫಿಕೇಟ್ ಅವ್ರ ಮನ್ಯಾಗ ಇರ್ತೇತಿ. ತರ್ರಿ, ಹಾಕ್ತೇನಿ. ನಾಳೆ ಸಂಜಿಕ ಪುಸ್ತಕ ಪ್ರೆಸ್ಸಿಗೆ ಹೊಕ್ಕೇತಿ."

ಮರುದಿನ ಬೆಳಿಗ್ಗೆ ನೀಲಪ್ಪ ಹೊರಟ. ಗೌಸಬಿ ಒದ್ದೆ ಗೋಣಿಯ ಮೇಲೆ ಎಲೆ ಹರಡಿಕೊಂಡು ಕಟ್ಟು ಕಟ್ಟುತ್ತಿದ್ದಳು. ತಲೆ ಪೂರಾ ನರೆತಿತ್ತು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬರ್ರಿ ನೀಲಪ್ಪಣ್ಣಾರ. ಒಳಗ ಬಂದ ಕುಂಡ್ರಿ. ಅವತ್ತ ಹೊರಗ ನಿಂತಿದ್ರಿ."

ನೀಲಪ್ಪ ಕೂತ. ಪುಸ್ತಕದ ವಿಷಯ ಹೇಳಿದ, ರಜಿಸ್ಟರಿನ ಪುಟ ಹರಿದದ್ದನ್ನೂ ಮುಚ್ಚಿಡಲಿಲ್ಲ. ಸರ್ಟಿಫಿಕೇಟ್ ಕೇಳಿದ.

"ಐತಿ" ಎಂದಳು ಗೌಸಬಿ. "ಕೊಡೂದಿಲ್ಲ."

"ಒಂದ ದಿನದ ಮಾತು ತಂಗಿ. ನಾನ ಹೊಳ್ಳಿ ತಂದ ಕೊಡ್ತೇನಿ."

"ಅವತ್ತ ಅಂಗಿ ಬೇಕಾಗಿತ್ತು ನಿಮಗ. ಇವತ್ತ ಹೆಸರು ಬೇಕಾಗೇತಿ. ನಿಮ್ಮ ಸಾಲೀಗೆ ಏನ ಬೇಕಾದ್ರೂ ನನ್ನ ಮನೀನ ಕಾಣತೈತೇನ್ರಿ?"

ನೀಲಪ್ಪ ಏಳಬೇಕೆಂದು ಮೊಣಕಾಲಿಗೆ ಕೈ ಊರಿದ. ಅಷ್ಟರಲ್ಲಿ ಅವಳೇ ಕೇಳಿದಳು.

"ಹಾನಗಲ್ಲಿಗೆ ನೀವೂ ಹೋಗಿದ್ರಿ, ಹೌದಿಲ್ಲೊ? ಅದಕ್ಕೂ ಮೊದಲ ಅಂವ ನನ್ನ ಬಿಟ್ಟು ಒಂದ ರಾತ್ರಿ ಎಲ್ಲೂ ಇದ್ದಾಂವಲ್ಲ. ಬಂದ ಮ್ಯಾಲೆ ಕೇಳಿದ್ರ, ಚಲೋ ಇತ್ತವ್ವಾ ಅಂದ, ಅಷ್ಟ. ಹೇಳ್ರಿ. ಹ್ಯಾಂಗಿದ್ದ?"

ನೀಲಪ್ಪ ಹೇಳಿದ. ಮೊದಲ ದಿನ ಬೂಟು ಸಡಿಲಾಗಿತ್ತು, ತಾನೇ ತುದಿಗೆ ಅರಿವೆ ತುರುಕಿ ಕೊಟ್ಟಿದ್ದ. ಕೊನೆಯ ದಿನ ದೊಡ್ಡ ಸಾಹೇಬರ ಮುಂದೆ ನಿಂತಾಗ ಮೂಗಿನ ಮೇಲೆ ನೊಣ ಕೂತರೂ ಹುಡುಗ ಅಲುಗಲಿಲ್ಲ, ಸಾಹೇಬರು ಬೆನ್ನು ತಟ್ಟಿದರು.

ಗೌಸಬಿಯ ಕೈಯಲ್ಲಿ ಎಲೆ ಹಾಗೇ ಉಳಿದಿತ್ತು. "ಆಮ್ಯಾಲ?"

ಅವನು ನೆನೆಸಿದ. ಆ ಹತ್ತು ದಿನ ಡೇರೆ ಎಷ್ಟು, ತಟ್ಟೆ ಎಷ್ಟು, ಕಂಬಳಿ ಎಷ್ಟು, ಎಲ್ಲ ನೆನಪಿತ್ತು. ಮೂವತ್ತೇಳರ ಬೂಟು ಆರನೆಯ ಸೈಜು ಎಂಬುದೂ ನೆನಪಿತ್ತು. ಹುಡುಗನದು ಮತ್ತೇನೂ ಬರಲಿಲ್ಲ.

"ಅಷ್ಟ ತಂಗಿ."

"ಹತ್ತ ದಿನ ಇದ್ದ ಅಂದ್ರಿ. ಎರಡ ದಿನದ್ದು ಹೇಳಿದ್ರಿ."

ಸುಳ್ಳು ಕಟ್ಟಿ ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. ನೀಲಪ್ಪನಿಗೆ ಬಾಯಿ ಬರಲಿಲ್ಲ. ಆಗ ಹೊಳೆಯಿತು: ಬಿಲಾಲನ ಡೇರೆಯಲ್ಲೇ ಮಲಗುತ್ತಿದ್ದ ಶಾಹಬಾಜ ಈಗ ಶಿಗ್ಗಾವಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ.

"ಕೇಳ್ಕೊಂಡು ಬರ್ತೇನಿ" ಎಂದ.

"ಬರ್ರಿ. ಕಾಗದಾ ಗೀಗದಾ ತರಬ್ಯಾಡ್ರಿ."

ಶರಣು ಸಾಲೆಯಲ್ಲಿ ಕಾಯುತ್ತಿದ್ದದ್ದು ಗೊತ್ತಿದ್ದೂ ನೀಲಪ್ಪ ಶಿಗ್ಗಾವಿ ಬಸ್ಸು ಹತ್ತಿದ. ಶಾಹಬಾಜ ಟ್ರ್ಯಾಕ್ಟರಿನ ಕೆಳಗಿಂದ ತಲೆ ಹೊರಹಾಕಿ, "ಏನ್ ಕಾಕಾ, ನಾ ಬೆಲ್ಟ್ ಹೊಳ್ಳಿ ಕೊಟ್ಟಿಲ್ಲಂತ ಹುಡಕ್ಕೊಂಡ ಬಂದಿರೇನು?" ಎಂದ.

"ಬಿಲಾಲ ಕ್ಯಾಂಪಿನ್ಯಾಗ ಹ್ಯಾಂಗಿದ್ದ ಹೇಳು. ಅವರವ್ವ ಕೇಳ್ಯಾಳ."

ಶಾಹಬಾಜನ ನಗೆ ಇಳಿಯಿತು. ಎದ್ದು ಬಂದು ಅರಿವೆಗೆ ಕೈ ಒರೆಸಿದ, ಒರೆಸುತ್ತಲೇ ಇದ್ದ.

"ರಾತ್ರಿ ಅಳ್ತಿದ್ದ ಕಾಕಾ. ಮೊದಲ ಎರಡ ದಿನ. ಕಂಬಳಿ ಒಳಗ ಬಾಯಿ ಮುಚ್ಕೊಂಡು, ಅವ್ವಾ ಅಂತ. ಮೂರನೇ ದಿನದಿಂದ ಅಳಲಿಲ್ಲ. ನಾ ಅಳಾಕತ್ತಿದ್ರ ಅಂವನ ನನ್ನ ಸುಮ್ಮನ ಮಾಡಿದ."

ಸವಣೂರಿಗೆ ಮರಳುವ ಬಸ್ಸಿನಲ್ಲಿ ಶರಣುವಿನ ಫೋನು ಬಂತು. ಪುಸ್ತಕ ಪ್ರೆಸ್ಸಿಗೆ ಹೋಯಿತು, ಆ ವರ್ಷದ ಪುಟ ರಜಿಸ್ಟರಿನಲ್ಲಿ ಇದ್ದ ಹಾಗೇ ಉಳಿಯಿತು ಎಂದ. ನೀಲಪ್ಪ "ಹೂಂ" ಎಂದು ಫೋನು ಕಿಸೆಗಿಟ್ಟ. ಎರಡು ದಿನ ಅತ್ತ, ಮೂರನೆಯ ದಿನದಿಂದ ಅಳಲಿಲ್ಲ, ಶಾಹಬಾಜನನ್ನು ಸುಮ್ಮನಾಗಿಸಿದ. ಒಂದು ಮಾತೂ ಹಿಂದುಮುಂದಾಗಬಾರದೆಂದು ಎಲೆಪೇಟೆ ಬರುವ ತನಕ ಅದನ್ನೇ ತುಟಿಯೊಳಗೆ ಹೇಳಿಕೊಳ್ಳುತ್ತ ಕೂತ.