ಅಬ್ಸೀಕ್ವಿಯಸ್ ಎಂಬ ಬಿರುದು

ನಮ್ಮದು ದೋಣಿಗಲ್ ಹತ್ತಿರದ ಹೋಂಸ್ಟೇ. ಎರಡು ರೂಮು, ಸುತ್ತ ಕಾಫಿ ತೋಟ, ಅಡುಗೆ ನನ್ನದೇ. ಹೋದ ತಿಂಗಳು ಬಂದುಹೋದ ಗಂಡ ಹೆಂಡತಿ ಮೊಬೈಲಿನಲ್ಲಿ ನಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಊಟ ಚೆನ್ನಾಗಿದೆ, ಜಾಗ ಚೆನ್ನಾಗಿದೆ, ಮನೆಯಾಕೆ ಅಬ್ಸೀಕ್ವಿಯಸ್ ಅಂತ. ಹುಟ್ಟಿದಾಗಿನಿಂದ ನಾನು ಆ ಪದ ಕೇಳಿರಲಿಲ್ಲ. ಹೊಗಳಿಕೆಯ ಸಾಲಿನಲ್ಲಿ ಕೂತಿದೆಯಲ್ಲ, ಅದೂ ಹೊಗಳಿಕೆಯೇ ಇರಬೇಕು ಅಂದುಕೊಂಡೆ. ಅರ್ಥ ಹುಡುಕುವಷ್ಟು ತಾಳ್ಮೆ ಯಾರಿಗಿದೆ? ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಯೇಬಿಟ್ಟೆ.

ಹಾಸನದಲ್ಲಿ ಇಂಗ್ಲಿಷ್ ಟೀಚರ್ ಆಗಿರುವ ನನ್ನ ತಂಗಿ ಫೋನ್ ಮಾಡಿ, ಮೊದಲು ಅದನ್ನು ತೆಗಿ ಅಂದಳು. ಅದು ಹೊಗಳಿಕೆಯೇ ಅಲ್ಲವಂತೆ. ತುಂಬ ವಿನಯ ಅಂತ ತಾನೇ ಅರ್ಥ ಎಂದು ಕೇಳಿದೆ.

"ವಿನಯ ಅಲ್ಲ ಕಣಕ್ಕ. ದೊಡ್ಡೋರು ಅನ್ಸಿದೋರ ಮುಂದೆ ಹಲ್ಲು ಗಿಂಜ್ಕಂಡು ನಿಂತ್ಕೋತಾರಲ್ಲ, ಅದು."

ಮೈಯೆಲ್ಲ ಉರಿದುಹೋಯಿತು. ಕಡುಬು, ಕೋಳಿಸಾರು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು ಹೀಗೆ ಬರೆಯುವುದೇ? ಇವರ ಮನೆ ಹಾಳಾಗ ಅಂತ ಬೈದುಕೊಂಡೇ ಪಾತ್ರೆ ತಿಕ್ಕಿದೆ. ತಿಕ್ಕುತ್ತಾ ಅವತ್ತಿನ ಸಂಜೆ ನೆನಪಾಯಿತು. ಬಂದಿದ್ದ ಹೆಂಗಸು ಜಗಲಿಯಲ್ಲಿ ನಮ್ಮ ಅತ್ತೆಯ ಪಕ್ಕ ಕೂತು, ಅವರ ಕೈಯಿಂದ ಎಲೆಅಡಿಕೆ ಈಸಿಕೊಂಡು ನಗುತ್ತಿದ್ದರು. ನಾನು ಓಡಿಬಂದು, ಸಾರಿ ಮೇಡಂ, ಹಳೇ ಕಾಲದವರು, ಗೊತ್ತಾಗಲ್ಲ ಎಂದು ಅತ್ತೆಯನ್ನು ಎಬ್ಬಿಸಿ ಅಡುಗೆಮನೆಗೆ ಕಳಿಸಿದ್ದೆ. ಆಕೆಯ ನಗು ಅಲ್ಲಿಗೇ ನಿಂತಿತ್ತು. ಪ್ರತಿ ಸಲ ಕಾರು ಬಂದಾಗಲೂ ನಾನು ಮಾಡುತ್ತಿದ್ದುದು ಇದನ್ನೇ. ಅತ್ತೆಯ ಮಾಸಿದ ಸೀರೆ, ಕೆಂಪು ಹಲ್ಲು ಅತಿಥಿಗಳ ಕಣ್ಣಿಗೆ ಬೀಳಬಾರದು ಅಂತ. ಥೂ, ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಇನ್ನು ಮೇಲೆ ಯಾರೇ ಬರಲಿ, ಅತ್ತೆಯನ್ನು ಎಬ್ಬಿಸುವುದಿಲ್ಲ ಎಂದು ತೀರ್ಮಾನಿಸಿದೆ.

ಶನಿವಾರ ಮತ್ತೊಂದು ಕಾರು ಬಂತು. ಅತ್ತೆ ಜಗಲಿಯಲ್ಲೇ ಕೂತಿದ್ದರು. ನಾನು ಬಾಯಿ ತೆರೆದಿರಲಿಲ್ಲ, ದೇವರಾಣೆ ತೆರೆದಿರಲಿಲ್ಲ. ಕಾರಿನ ಸದ್ದಿಗೇ ಅವರು ಮಂಡಿ ಹಿಡಿದುಕೊಂಡು ಎದ್ದರು.

"ನಾನೇ ಒಳಕ್ಕೋಯ್ತೀನಿ ಬುಡು. ನೀ ಅವರ್ನ ನೋಡ್ಕೋ."

ಕೂತ್ಕೊಳ್ಳಿ ಅತ್ತೆ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಗೇಟಿನ ಹತ್ತಿರ ಕಾರಿನ ಬಾಗಿಲು ತೆರೆದ ಸದ್ದಾಯಿತು. ನಾನು ಪಕ್ಕಕ್ಕೆ ಸರಿದು, ಅತ್ತೆ ಒಳಗೆ ಹೋಗಲು ದಾರಿ ಬಿಟ್ಟೆ.