ಅಕ್ಕನ ಬಲಪಕ್ಕೆಯ ಗಡಸು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ವಿಲೆ ಪಾರ್ಲೆಯಲ್ಲಿ ಅಕ್ಕ ಭಾವನ ಜೊತೆಗಿದ್ದೆ. ಮೈಸೂರಿನಲ್ಲಿ ಡಿಗ್ರಿ ಮುಗಿಸಿದ ಮೇಲೆ ಅಂಧೇರಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಭಾವ ಏರ್‌ಪೋರ್ಟಿನ ಹತ್ತಿರದ ಕಂಪನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಕ್ಕ ಶಾಲೆಯಲ್ಲಿ ಗಣಿತದ ಟೀಚರ್. ಅವಳಿಗೆ ನಲವತ್ತು ದಾಟಿತ್ತು. ಮಕ್ಕಳಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಕ್ಕನ ಮುಟ್ಟು ನಿಂತಿತು. ಊಟ ಸೇರದಾಯಿತು. ಶಾಲೆಯಿಂದ ಬಂದವಳೇ ಸೀರೆ ಕೂಡ ಬದಲಿಸದೆ ಮಲಗಿಬಿಡುತ್ತಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಹೊಟ್ಟೆ ಮುಂದೆ ಬರತೊಡಗಿತ್ತು. ಒಂದು ಬೆಳಿಗ್ಗೆ ಲಂಗದ ಲಾಡಿ ಸಡಿಲ ಮಾಡಿಕೊಳ್ಳುತ್ತ ನನ್ನನ್ನು ಹತ್ತಿರ ಕರೆದಳು.

"ಯಾರಿಗೂ ಹೇಳ್ಬೇಡ ಕಣೇ. ನಿಮ್ಮ ಭಾವಂಗೂ ಈಗ್ಲೇ ಬೇಡ. ನಂಗೆ ಹಂಗೇ ಅನ್ಸತ್ತೆ."

"ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಈ ವಯಸ್ಸಲ್ಲಿ ಹೋಗಿ ಕೇಳಿ, ಅಲ್ಲ ಅಂದ್ಬಿಟ್ರೆ? ಇನ್ನೂ ಸ್ವಲ್ಪ ದಿನ ಹೋಗ್ಲಿ."

ಕೆಳಗಿನ ಮನೆಯ ಮರಾಠಿ ಹೆಂಗಸು ಮೆಟ್ಟಿಲ ಮೇಲೆ ಸಿಕ್ಕಾಗ ನಗುತ್ತಾ, "ಗುಡ್ ನ್ಯೂಸ್ ಆಹೇ ಕಾ?" ಎಂದು ಕೇಳಿದಳು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾಚಿ ಕೆಂಪಾಗಿ ಮೇಲೆ ಬಂದಳು. ಆ ದಿನಗಳಲ್ಲಿ ಅವಳು ಎಷ್ಟು ಸುಸ್ತಾಗಿದ್ದರೂ ಸಣ್ಣಗೆ ಏನಾದರೂ ಹಾಡಿಕೊಳ್ಳುತ್ತಲೇ ಇರುತ್ತಿದ್ದಳು.

ಆದರೆ ಹೊಟ್ಟೆ ಬೆಳೆದಂತೆ ತೋಳುಗಳು ಸೊರಗುತ್ತಿದ್ದವು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಒಂದು ಭಾನುವಾರ ಕಿಟಕಿಯ ಬೆಳಕಿನಲ್ಲಿ ಅವಳ ತಲೆ ಬಾಚುತ್ತಿದ್ದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿರುವುದು ಕಾಣಿಸಿತು. ಇನ್ನು ಕಾಯುವುದು ಬೇಡವೆಂದು ಹಟ ಹಿಡಿದು ಅವಳನ್ನು ಮಾಟುಂಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮವರೆಲ್ಲ ಹೋಗುತ್ತಿದ್ದ, ಕರಾವಳಿ ಕಡೆಯ ವಯಸ್ಸಾದ ಡಾಕ್ಟರೊಬ್ಬರಿದ್ದರು. ಬೆಳಿಗ್ಗೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಸ್ವಂತ ಕ್ಲಿನಿಕ್.

ಅವರು ಅಕ್ಕನನ್ನು ಮಲಗಿಸಿ, ಮೊಣಕಾಲು ಮಡಿಸಿಕೊಳ್ಳಲು ಹೇಳಿ, ಬಲಪಕ್ಕೆಯ ಕೆಳಗೆ ಬೆರಳಿಟ್ಟರು. "ಉಸಿರು ಎಳೆಯಿರಿ. ಬಿಡಿ. ಇನ್ನೊಮ್ಮೆ." ಆಮೇಲೆ ಹೊಟ್ಟೆಯನ್ನು ಬೆರಳಿಂದ ತಟ್ಟಿದರು, ಮಗ್ಗುಲಾಗಿಸಿ ಮತ್ತೆ ತಟ್ಟಿದರು. ಅಕ್ಕನೇ ಮೊದಲು ಬಾಯಿಬಿಟ್ಟಳು. "ಡಾಕ್ಟ್ರೇ, ಮುಟ್ಟು ನಿಂತಿದೆ. ಅದಕ್ಕೇ ನಾನು..."

ಅವರು ಕೈ ತೆಗೆದು, ಚಾದರ ಎಳೆದು ಹೊದಿಸಿ, ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ಇಲ್ಲಮ್ಮ. ಮಗು ಅಲ್ಲ ಇದು. ಹೊಟ್ಟೆಯಲ್ಲಿ ನೀರು ತುಂಬಿದೆ. ಲಿವರ್ ಗಟ್ಟಿ ಆಗಿದೆ."

"ಗಟ್ಟಿ ಅಂದ್ರೆ?"

ಅವರು ಅವಳ ಕೈಯನ್ನೇ ಹಿಡಿದು ಪಕ್ಕೆಯ ಕೆಳಗೆ ಒತ್ತಿದರು. "ಉಸಿರು ಎಳೀರಿ. ಬೆರಳಿಗೆ ಒಂದು ಅಂಚು ತಾಗ್ತದಲ್ಲ? ಅದು ಇಷ್ಟು ಗಡಸು ಇರ್ಬಾರ್ದು."

ಅಕ್ಕ ಬಹಳ ಹೊತ್ತು ಕೈ ತೆಗೆಯಲಿಲ್ಲ.

ಲೋಕಲ್ ಹಿಡಿದು ಹಿಂದಿರುಗಿದೆವು. ಮನೆಯಲ್ಲಿ ಭಾವ ಕಾಯುತ್ತಿದ್ದರು. ವಿಷಯವನ್ನು ನಾನೇ ಹೇಳಬೇಕಾಯಿತು. ಅವರು ಅಕ್ಕನ ಕಡೆ ನೋಡಿ, "ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದರು.

"ಖಾತ್ರಿ ಆದ್ಮೇಲೆ ಹೇಳೋಣ ಅಂತ."

"ನಾನೂ ಮಗೂನೇ ಅಂದ್ಕೊಂಡಿದ್ದೆ. ನಿನ್ನ ಬಾಯಿಂದಾನೇ ಬರ್ಲಿ ಅಂತ ಸುಮ್ನಿದ್ದೆ."

ನಾನು ಅಡುಗೆಮನೆಗೆ ಹೋಗಿ ಬೇಕಿಲ್ಲದಿದ್ದರೂ ಕಾಫಿ ಮಾಡಿದೆ.

ಮುಂದಿನ ವಾರ ಅಕ್ಕ ಆಸ್ಪತ್ರೆ ಸೇರಿದಳು. ಪಕ್ಕದ ಹಾಸಿಗೆಯಾಕೆಯನ್ನು ನೋಡಲು ಬಂದವರು, ಲಿವರ್ ಕಾಯಿಲೆಯೆಂದು ಕೇಳಿ, "ಪೀತೀ ಹೈ ಕ್ಯಾ?", ಕುಡಿಯುತ್ತಾಳಾ, ಎಂದು ನನ್ನನ್ನು ಪಿಸುಗುಟ್ಟಿ ಕೇಳಿದರು. ಅಕ್ಕನಿಗೆ ಅದು ಕೇಳಿಸಿತು. "ಹಾಂ, ಬೆಳಿಗ್ಗೆ ಎರಡು ಲೋಟ ಫಿಲ್ಟರ್ ಕಾಫಿ," ಎಂದಳು. ಆಸ್ಪತ್ರೆ ಸೇರಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಲಿವರ್ ಗಟ್ಟಿಯಾದರೆ ಹೊಟ್ಟೆಯಲ್ಲಿ ನೀರೇಕೆ ತುಂಬಬೇಕು ಎಂದು ಭಾವ ಕೇಳಿದಾಗ ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಕರುಳಿನ ರಕ್ತ ಎಲ್ಲ ಲಿವರ್ ಒಳಗಿಂದಾನೇ ದಾಟಿ ಹೋಗ್ಬೇಕು. ಮೆತ್ತಗಿದ್ರೆ ಸಲೀಸು. ಸ್ಟೇಷನ್ ಬ್ರಿಜ್‌ನ ಅರ್ಧ ಅಗಲ ಹಗ್ಗ ಕಟ್ಟಿ ಮುಚ್ಚಿದ್ರೆ ಏನಾಗ್ತದೆ? ಗಾಡಿ ಬರ್ತಾನೇ ಇರ್ತದೆ, ಜನ ಕೆಳಗೆ ಪ್ಲಾಟ್‌ಫಾರ್ಮಲ್ಲಿ ಸೇರ್ತಾರೆ. ಹಾಗೆ ಹಿಂದೆ ಒತ್ತಡ ಏರ್ತದೆ, ನೀರು ಒಸರ್ತದೆ. ಒಮ್ಮೆ ಗಟ್ಟಿ ಆಗ್ಲಿಕ್ಕೆ ಶುರುವಾದ್ರೆ ಅದು ಇನ್ನೂ ಗಟ್ಟಿ ಆಗ್ತಾ ಹೋಗುವುದನ್ನೇ ನಾನು ಹೆಚ್ಚಾಗಿ ನೋಡಿದ್ದು."

ನೀರು ಇಳಿಯುವ ತನಕ ಪರೀಕ್ಷೆಗೆಂದು ಲಿವರಿಗೆ ಸೂಜಿ ಹಾಕುವಂತಿರಲಿಲ್ಲ. ಅದಕ್ಕೆ ಮಾತ್ರೆ ಕೊಟ್ಟರು, ಉಪ್ಪು ನಿಲ್ಲಿಸಿದರು. ಆಮೇಲೆ ಪಕ್ಕೆಯಿಂದ ಸೂಜಿ ಹಾಕಿ ಲಿವರಿನ ಎಳೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ವರದಿಯ ಪ್ರಕಾರ ಅವಳ ದೇಹವೇ ತನ್ನ ಲಿವರಿನ ಮೇಲೆ ತಿರುಗಿಬಿದ್ದಿತ್ತು. ವರ್ಷಗಟ್ಟಲೆ ಒಳಗೊಳಗೇ ಗಾಯವಾಗಿ, ಮಾದು, ಕಲೆಗಟ್ಟಿತ್ತು. ಮುಟ್ಟು ನಿಂತದ್ದೂ ಅದರಿಂದಲೇ. ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಏನೂ ಭರವಸೆ ಕೊಡಲಿಲ್ಲ.

ಅಕ್ಕ ಮನೆಗೆ ಬಂದ ಮೇಲೆ ಉಪ್ಪಿಲ್ಲದ ಸಾರು ಪ್ರಾರಂಭವಾಯಿತು. ಭಾವ ತಮಗೂ ಅದೇ ಬಡಿಸೆಂದರು. "ನೀವು ಯಾಕೆ ಬಾಯಿ ಕೆಡಿಸ್ಕೋತೀರಿ?" ಎಂದು ಅಕ್ಕ ರೇಗಿದರೂ ಅವರು ನಿಂಬೆಹಣ್ಣು ಹಿಂಡಿಕೊಂಡು ತಲೆಯೆತ್ತದೆ ಉಣ್ಣುತ್ತಿದ್ದರು. ಮಾತ್ರೆಯಿಂದ ಅಕ್ಕನ ಮುಖ ಗುಂಡಗಾಯಿತು, ಕೆನ್ನೆಯ ಮೇಲೆ ಕೂದಲು ಬಂದವು. ಕನ್ನಡಿ ನೋಡುವುದನ್ನು ಬಿಟ್ಟಳು. ಆದರೆ ಕಣ್ಣಿನ ಹಳದಿ ನಿಧಾನವಾಗಿ ತಿಳಿಯಾಯಿತು, ಹೊಟ್ಟೆ ಇಳಿಯಿತು. ಅರ್ಧ ದಿನದ ಪಾಠಕ್ಕೆ ಶಾಲೆಗೆ ಹೋಗತೊಡಗಿದಳು.

ಮರುವರ್ಷ ಮಾಟುಂಗದ ಅದೇ ಕ್ಲಿನಿಕ್‌ನಲ್ಲಿ ಡಾಕ್ಟರು ಪಕ್ಕೆಯ ಕೆಳಗೆ ಬೆರಳಿಟ್ಟು ಹುಡುಕಿದರು. ಉಸಿರು ಎಳೆಸಿ ಮತ್ತೆ ಮತ್ತೆ ಹುಡುಕಿದರು. "ಅಂಚು ಮೆತ್ತಗಾಗಿದೆಯಲ್ಲ!" ಎಂದವರ ದನಿಯಲ್ಲಿ ಆಶ್ಚರ್ಯವಿತ್ತು.

"ಪೂರ್ತಿ ಹೋಯ್ತಾ?" ಎಂದಳು ಅಕ್ಕ.

"ಕಲೆ ಇರ್ತದೆ. ಎಷ್ಟು ಉಳಿದಿದೆ ಅಂತ ಬೆರಳಿಗೆ ಗೊತ್ತಾಗ್ಲಿಕ್ಕಿಲ್ಲ. ಊತ ಮಾತ್ರ ಇಳಿದಿದೆ. ಎಲ್ಲ ಗಡಸೂ ಕಲೆಯೇ ಅಂತ ನಾವು ತಿಳ್ಕೊಳ್ತೇವೆ, ಊತದಿಂದಲೂ ಗಡಸು ಬರ್ತದೆ ನೋಡಿ. ಮಾತ್ರೆ ಬಿಡ್ಬೇಡಿ."

ಅಷ್ಟರಲ್ಲಿ ಅವಳ ಮುಟ್ಟು ಮತ್ತೆ ಶುರುವಾಗಿತ್ತು. ಮಗುವಿನ ವಿಷಯವನ್ನು ಅಕ್ಕ ಭಾವ ಇಬ್ಬರೂ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿದರು. ಅಪಾಯ ಹೆಚ್ಚು ಎಂದು ಅವರು ಬಿಡಿಸಿ ಹೇಳಿದರು. ಬೇಡವೆಂದು ಇಬ್ಬರೂ ಕೂತು ತೀರ್ಮಾನಿಸಿದರು. ಆ ಮಧ್ಯಾಹ್ನ ಅಕ್ಕ ಸೊಪ್ಪು ಬಿಡಿಸುತ್ತ ಅತ್ತಳು. ನಾನು ಪಕ್ಕದಲ್ಲಿ ಕುಳಿತು ಉಳಿದ ಸೊಪ್ಪು ಬಿಡಿಸಿದೆ. ಮತ್ತೆಂದೂ ಆ ವಿಷಯಕ್ಕೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ.

ತೊಂಬತ್ತರ ಶುರುವಿನಲ್ಲಿ ನನಗೆ ಮದುವೆಯಾಗಿ ಅಂಧೇರಿಯಲ್ಲಿ ಮನೆ ಮಾಡಿದೆವು. ಮೇಲಿನ ಮಹಡಿ, ಲಿಫ್ಟ್ ಇರಲಿಲ್ಲ. ಅಕ್ಕ ಮೊದಲ ಸಲ ಬಂದ ದಿನ ಕೆಳಗಿನಿಂದ ಒಂದು ಕೂಗು ಹಾಕಿದ್ದರೆ ನಾನೇ ಇಳಿದು ಬರುತ್ತಿದ್ದೆ. ಅವಳು ಕೂಗಲಿಲ್ಲ, ಹತ್ತಿಯೇ ಬಂದಳು. ಬಾಗಿಲಲ್ಲಿ ಉಸಿರು ಸುಧಾರಿಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆಲ್ಲ ಕಣ್ಣಾಡಿಸಿದಳು.

"ಕರ್ಟನ್ ಬಣ್ಣ ಯಾರು ಆರಿಸಿದ್ದೇ? ನೀನಂತೂ ಅಲ್ಲ ಬಿಡು," ಎಂದು ಹೇಳಿ, ಗಾಳಿ ಬರಲೆಂದು ಕಿಟಕಿ ತೆರೆದಳು.